ಹೊಳೆಮತ್ತಿ ನೆರಳಲ್ಲಿ ಎರಡು ಗಂಟೆ: ಭೀಮೇಶ್ವರಿಯ ಕಾವೇರಿ ದಂಡೆ ನಡಿಗೆ

ಕಾವೇರಿ ವನ್ಯಜೀವಿಧಾಮದಲ್ಲಿ ದಟ್ಟ ನೆರಳು ಸಿಗುವುದು ಹೊಳೆಯಂಚಿನಲ್ಲಿ. ಅಲ್ಲಿಂದ ಸ್ವಲ್ಪ ಮೇಲೇರಿದರೆ ಸಾಕು, ಮುಳ್ಳುಪೊದೆ, ಕುರುಚಲು, ಕಾದ ಬಂಡೆ. ಹಾಗಾಗಿ ನಡಿಗೆಯೆಲ್ಲ ಈ ಕಿರಿದಾದ ಹಸಿರು ಪಟ್ಟಿಯ ಉದ್ದಕ್ಕೇ. ಏರು ಕಡಿಮೆ, ಮಕ್ಕಳೂ ಹಿರಿಯರೂ ನಡೆಯಬಹುದು. ಮೂರು ಕಿ.ಮೀ.ಗೆ ಎರಡು ಗಂಟೆ ಇಟ್ಟುಕೊಳ್ಳಿ. ಮುಕ್ಕಾಲು ಗಂಟೆಯಲ್ಲಿ ಮುಗಿಸಿದರೆ ಏನೂ ಕಂಡಿರುವುದಿಲ್ಲ.

ಬೆಂಗಳೂರಿನಿಂದ ಕನಕಪುರ, ಹಲಗೂರು ದಾಟಿ ಮುತ್ತತ್ತಿ ರಸ್ತೆ ಹಿಡಿದರೆ ಭೀಮೇಶ್ವರಿಗೆ ಸುಮಾರು 100 ಕಿ.ಮೀ. ಅನುಮತಿಯಿಲ್ಲದೆ ಕಾಡಿಗಿಳಿಯುವುದು ಅಪರಾಧ. ಅಲ್ಲಿರುವ, ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಶಿಬಿರದಲ್ಲಿ ತಂಗಿ, ಅವರ ಮಾರ್ಗದರ್ಶಕರ ಜೊತೆ ಹೋಗುವುದೇ ಸರಿಯಾದ ದಾರಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಬೆಳಿಗ್ಗೆ ಆರೂವರೆಗೆ ಹೊರಟು ಒಂಬತ್ತರೊಳಗೆ ಮರಳಿ. ಸಂಜೆ ಬೇಡ, ಆನೆಗಳು ನೀರಿಗಿಳಿಯುವ ಹೊತ್ತದು.

ತಲೆಗೊಂದು ಲೀಟರ್ ನೀರು, ಟೋಪಿ, ಬೈನಾಕ್ಯುಲರ್, ಒಂದು ಸುರುಳಿ ಅಂಟುಟೇಪು, ಒಂದು ಸಣ್ಣ ಚಿಮಟ. ಖಾಕಿ ಇಲ್ಲವೇ ಮಾಸಲು ಹಸಿರು ಬಟ್ಟೆ, ಪೂರ್ತಿ ತೋಳು. ಪ್ಯಾಂಟಿನ ತುದಿಯನ್ನು ಸಾಕ್ಸಿನೊಳಗೆ ತುರುಕಿ. ರಕ್ತ ಹೀರುವ ಉಣ್ಣೆ ಹುಳುಗಳು ಹುಲ್ಲಿನ ತುದಿಯಿಂದ ಕಾಲಿಗೆ ಹತ್ತಿ ಮೇಲೆ ಹರಿದಾಡುತ್ತವೆ, ಬಟ್ಟೆಯ ಹೊರಗಿದ್ದರೆ ಕಣ್ಣಿಗೆ ಬೀಳುತ್ತವೆ.

ಮೊದಲ ಹೊಳೆಮತ್ತಿ (ಅರ್ಜುನ) ಮರ ಸಿಕ್ಕಲ್ಲೇ ಹತ್ತು ನಿಮಿಷ ನಿಲ್ಲಿ. ಕಾಂಡ ನುಣುಪು, ಬೂದಿ ಬೆರೆಸಿದ ಬಿಳುಪು. ತೊಗಟೆ ಅಗಲ ಚಕ್ಕೆಗಳಾಗಿ ಕಳಚಿ, ಅಡಿಯಲ್ಲಿ ನಸುಗೆಂಪು ಕಾಣುತ್ತದೆ. ಬಿದ್ದ ಎಲೆಯೊಂದನ್ನು ತಿರುಗಿಸಿ ನೋಡಿ: ತೊಟ್ಟು ಸೇರುವ ಕಡೆ ಸಾಸಿವೆಗಿಂತ ಸಣ್ಣ ಎರಡು ಗಂಟುಗಳು. ಕಾಯಿಗೆ ಐದು ರೆಕ್ಕೆ. ದಂಡೆಯಿಂದ ಮೇಲಕ್ಕೆ ಸಿಗುವ ಕರಿಮತ್ತಿಯ ತೊಗಟೆ ಮೊಸಳೆ ಚರ್ಮದಂತೆ ಚೌಕಚೌಕವಾಗಿ ಸೀಳಿರುತ್ತದೆ; ಒಮ್ಮೆ ಎರಡನ್ನೂ ಮುಟ್ಟಿ ನೋಡಿದವರಿಗೆ ಮತ್ತೆಂದೂ ಗೊಂದಲವಾಗದು. ಹೊಳೆಮತ್ತಿಯ ಬೇರು ದಂಡೆಯ ಮಣ್ಣನ್ನು ಹಿಡಿದಿಟ್ಟಿರುತ್ತದೆ. ಪ್ರವಾಹದಲ್ಲಿ ಮಣ್ಣು ಕೊಚ್ಚಿಹೋದ ಕಡೆ ಆ ಬೇರಿನ ಬಲೆ ಬಯಲಾಗಿರುತ್ತದೆ, ಅದರ ಮೇಲೆ ಹತ್ತಬೇಡಿ.

ಈಗ ತಲೆಯೆತ್ತಿ. ಮರದ ಕೊಂಬೆಗಳು ಒಂದಕ್ಕೊಂದು ಹೆಣೆದುಕೊಂಡಿರುವ ಕಡೆ ಕಡ್ಡಿ, ಎಲೆಗಳ ದೊಡ್ಡ ಗೂಡು ಹುಡುಕಿ. ಅದು ನರೆಬಣ್ಣದ ದೊಡ್ಡ ಅಳಿಲಿನದು. ಬಾಲ ಸೇರಿ ಎರಡಡಿ ಮೀರುವ ಪ್ರಾಣಿ, ಕರ್ನಾಟಕದಲ್ಲಿ ಅದರ ನೆಲೆಯೆಂದರೆ ಮುಖ್ಯವಾಗಿ ಈ ಕಾವೇರಿ ದಂಡೆಯೇ. ಅದು ಮರದಿಂದ ಮರಕ್ಕೆ ಹಾರಿಯೇ ಬದುಕುವುದು, ನಡುವೆ ಒಂದು ಮರ ಕಡಿದರೂ ಅದರ ದಾರಿ ಮುರಿಯುತ್ತದೆ. ಅಡಿಯಲ್ಲಿ ಅರೆಕಡಿದ ಹುಣಸೆ, ಹೊಳೆಮತ್ತಿ ಕಾಯಿ ಉದುರಿದ್ದರೆ ಅಲ್ಲೇ ಮಾತು ನಿಲ್ಲಿಸಿ ಕಾಯಿರಿ.

ಹೊಳೆಯಲ್ಲಿ ಮೊಸಳೆಗಳಿವೆ. ಚಳಿಗಾಲದ ಬೆಳಿಗ್ಗೆ ಬಂಡೆಯ ಮೇಲೆ ಬಿಸಿಲು ಕಾಯಿಸುತ್ತಿರುತ್ತವೆ, ಕಲ್ಲೆಂದುಕೊಂಡು ಹತ್ತಿರ ಹೋಗುವವರೇ ಹೆಚ್ಚು. ನೀರಿನಂಚಿನಿಂದ ಹತ್ತು ಹೆಜ್ಜೆಯಾದರೂ ದೂರವಿರಿ, ಕೈಕಾಲು ತೊಳೆಯಲೂ ಇಳಿಯಬೇಡಿ. ಮೇಲೆ ಶಾಂತವಾಗಿ ಕಾಣುವ ಮಡುವಿನಡಿ ಸುಳಿಯಿರುತ್ತದೆ. ಇಲ್ಲಿ ಮಳೆಯಿಲ್ಲದಿದ್ದರೂ, ಮೇಲೆ ಕೃಷ್ಣರಾಜಸಾಗರ, ಕಬಿನಿ ಜಲಾಶಯಗಳಿಂದ ನೀರು ಬಿಟ್ಟಾಗ ಹೊಳೆ ಏರುತ್ತದೆ. ಈಜಲಿಳಿದವರು ನಡುಬಂಡೆಯಲ್ಲಿ ಸಿಕ್ಕಿಬೀಳುವುದು ಹೀಗೆ.

ದಾರಿಯಲ್ಲಿ ಆನೆ ಲದ್ದಿ ಕಂಡರೆ ಮಾರ್ಗದರ್ಶಕರಿಗೆ ತೋರಿಸಿ. ಒಣಗಿ ಪುಡಿಯಾಗಿದ್ದರೆ ಹಳೆಯದು. ಹಸಿಯಾಗಿ ಹೊಳೆಯುತ್ತಿದ್ದರೆ, ಎಲ್ಲೋ ಕೊಂಬೆ ಮುರಿಯುವ ಸದ್ದೂ ಕೇಳಿದರೆ, ಬಂದ ದಾರಿಯಲ್ಲೇ ಹಿಂತಿರುಗಿ. ಫೋಟೊಗಾಗಿ ಒಂದು ಹೆಜ್ಜೆಯೂ ಮುಂದಿಡಬೇಡಿ.

ಪೊದೆಗಳಲ್ಲಿ ಕಂದು ಬಣ್ಣದ, ಮಖಮಲ್ಲಿನಂಥ ಕಾಯಿ ತೂಗುತ್ತಿದ್ದರೆ ಅದು ನಸುಗುನ್ನಿ. ಅದರ ರೋಮ ಮೈಗೆ ತಾಗಿದರೆ ಉರಿ, ತುರಿಕೆ. ಉಜ್ಜಿದಷ್ಟೂ ಚರ್ಮಕ್ಕಿಳಿಯುತ್ತದೆ. ಅಂಟುಟೇಪು ಒತ್ತಿ ಕಿತ್ತು ರೋಮ ತೆಗೆದು, ಆಮೇಲೆ ಸೋಪಿನಿಂದ ತೊಳೆಯಿರಿ.

ಮರಳಿದ ಕೂಡಲೇ ಬಟ್ಟೆ ಬದಲಿಸಿ. ಕಂಕುಳು, ಸೊಂಟ, ಮೊಣಕಾಲ ಹಿಂಬದಿ, ಮಕ್ಕಳ ಕಿವಿಯ ಹಿಂದೆ ನೋಡಿ. ಉಣ್ಣೆ ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು, ತಿರುಚದೆ ನೇರವಾಗಿ ನಿಧಾನಕ್ಕೆ ಎಳೆಯಿರಿ. ಸೀಮೆಎಣ್ಣೆ ಸುರಿಯುವುದು, ಬೆಂಕಿಕಡ್ಡಿ ತಾಗಿಸುವುದು ಬೇಡ. ಮುಂದಿನ ಎರಡು ವಾರದಲ್ಲಿ ಜ್ವರ ಬಂದರೆ, ಕಾಡಿಗೆ ಹೋಗಿದ್ದಿರಿ, ಉಣ್ಣೆ ಕಚ್ಚಿತ್ತು ಎಂದು ವೈದ್ಯರಿಗೆ ಮೊದಲೇ ಹೇಳಿ.