ದಮ್ನೋನ್ ಸದುವಾಕ್: ದೋಣಿ ಹತ್ತುವ ಮುಂಚೆ ಸ್ವಲ್ಪ ನಡೀರಿ

ಕಾಲುವೆಯಲ್ಲಿ ದೋಣಿಗಳ ಮೇಲೆ ವ್ಯಾಪಾರ ನಡೆಯುವ ತೇಲುವ ಮಾರುಕಟ್ಟೆ ನೋಡಲು ಹೊರಟಿದ್ದೆವು. ನಮ್ಮನ್ನು ವ್ಯಾನಿನಿಂದ ಇಳಿಸಿದ ಜಾಗದಲ್ಲಿ ಮಾರುಕಟ್ಟೆಯೇ ಇರಲಿಲ್ಲ. ಒಂದು ದೋಣಿಕಟ್ಟೆ, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ದೊಡ್ಡದೊಂದು ಬೆಲೆಪಟ್ಟಿ, ಅಷ್ಟೇ. ತಲೆಗೆ 2000 ಬಾತ್ (ಥಾಯ್ಲೆಂಡಿನ ಹಣ) ಅಂದರು. ಮುಂದಕ್ಕೆ ದೋಣಿಯಲ್ಲೇ ಹೋಗಬೇಕು, ಬೇರೆ ದಾರಿ ಇಲ್ಲ ಅಂತಲೂ ಸೇರಿಸಿದರು. ಅಕ್ಕ ಆಗಲೇ ಪರ್ಸ್ ತೆಗೆದಿದ್ದಳು. ನಾನು ಸುಮ್ನೆ ಫೋನಿನಲ್ಲಿ ಮ್ಯಾಪ್ ನೋಡಿದೆ. ರಸ್ತೆ ಇತ್ತು! ಇಪ್ಪತ್ತು ನಿಮಿಷ ನಡೆದರೆ ಮಾರುಕಟ್ಟೆ.

ಥಾಯ್ಲೆಂಡಿನ ದಮ್ನೋನ್ ಸದುವಾಕ್‌ಗೆ ಹೊರಟವರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ. ಒಳಗೆ ಹೋಗಲು ಟಿಕೆಟ್ ಇಲ್ಲ. ಕಾಲುವೆಯ ದಡದಲ್ಲೇ ನಡೆದಾಡಬಹುದು, ಸೇತುವೆ ಮೇಲೆ ನಿಂತು ನೋಡಬಹುದು.

ಬ್ಯಾಂಕಾಕಿನಿಂದ ಸುಮಾರು 100 ಕಿಲೋಮೀಟರ್ ದೂರ, ರಾಚಬುರಿ ಪ್ರಾಂತ್ಯ. ನಾವು ಪ್ಯಾಕೇಜ್ ಟೂರ್ ಬಿಟ್ಟು, ಸಾಯ್ ತಾಯ್ ಮಾಯ್ ಎನ್ನುವ ಬಸ್ ನಿಲ್ದಾಣದಿಂದ ಬೆಳಗಿನ ಮಿನಿ ವ್ಯಾನ್ ಹಿಡಿದಿದ್ದೆವು. ಎಂಟಕ್ಕೆಲ್ಲ ತಲುಪಿದೆವು. ಟೂರ್ ಬಸ್ಸುಗಳು ಬರುವುದು ಒಂಬತ್ತರ ಮೇಲೆ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಖಾಲಿ.

ದೋಣಿ ಹತ್ತಲಿಲ್ಲ ಅಂತಲ್ಲ. ಮಾರುಕಟ್ಟೆಯ ಒಳಗೇ ಚೌಕಾಸಿ ಮಾಡಿ, ಹುಟ್ಟು ಹಾಕುವ ಪುಟ್ಟ ದೋಣಿಯನ್ನು ಅರ್ಧ ಗಂಟೆಗೆ 400 ಬಾತ್‌ಗೆ ಹಿಡಿದೆವು. ಹತ್ತಿದ ಮೇಲೆ ಗೊತ್ತಾಯಿತು, ದೋಣಿಯಲ್ಲಿ ಕೂತರೆ ಗಿರಾಕಿ ಕೈಗೆ ಸಿಕ್ಕಿದ ಹಾಗೆ. ದಡದ ಅಂಗಡಿಯವರ ಬಳಿ ಕೊಕ್ಕೆ ಹಾಕಿದ ಉದ್ದ ಕೋಲು ಇರುತ್ತದೆ. ಅದರಲ್ಲಿ ನಮ್ಮ ದೋಣಿಯನ್ನೇ ಎಳೆದುಕೊಳ್ಳುತ್ತಾರೆ! ಮರದ ಆನೆ, ಫ್ರಿಜ್ ಮೇಲೆ ಅಂಟಿಸುವ ಬೊಂಬೆ, ಟೋಪಿ. ಮೊದಲು ಹೇಳಿದ ಬೆಲೆ ಕ್ಯಾಲ್ಕುಲೇಟರಿನಲ್ಲಿ ಅರ್ಧಕ್ಕೆ ಇಳಿಯಲು ಎರಡು ನಿಮಿಷ ಸಾಕು. 'ತಾವ್ ರೈ' ಅಂದರೆ ಎಷ್ಟು, 'ಪೇಂಗ್' ಅಂದರೆ ದುಬಾರಿ. ಎರಡನೆಯದು ನಮಗೆ ಜಾಸ್ತಿ ಉಪಯೋಗಕ್ಕೆ ಬಂತು.

ಇದು ಪ್ರವಾಸಿಗರಿಗಾಗಿಯೇ ನಡೆಯುವ ಆಟ ಅಂತ ಮೂಗು ಮುರಿಯುವವರಿದ್ದಾರೆ. ಬಹುಮಟ್ಟಿಗೆ ನಿಜವೇ. ಆದರೆ ಕಾಲುವೆ ಸುಳ್ಳಲ್ಲ. ನಾಲ್ಕನೇ ರಾಮ ಎಂದು ಕರೆಯುವ ರಾಜ ಮೊಂಗ್‌ಕುಟ್ ಇದನ್ನು ತೋಡಿಸಲು ಶುರುಮಾಡಿದ್ದು 1866ರಲ್ಲಿ. ಮುಗಿದದ್ದು 1868ರಲ್ಲಿ. 32 ಕಿಲೋಮೀಟರ್ ಉದ್ದ, ತಾ ಚಿನ್ ಮತ್ತು ಮೇ ಕ್ಲೋಂಗ್ ನದಿಗಳನ್ನು ಜೋಡಿಸುತ್ತದೆ. ಟಾರು ರಸ್ತೆ ಬರುವ ತನಕ ತೋಟದ ಹಣ್ಣು, ತರಕಾರಿ ಓಡಾಡಿದ್ದು ಇಂಥ ನೀರಿನ ಮೇಲೇ.

ಇನ್ನು ತಿಂಡಿ. ಅಕ್ಕ ಶುದ್ಧ ಸಸ್ಯಾಹಾರಿ. ನೂಡಲ್ಸ್ ದೋಣಿಗಳಿಗೆ ದೂರದಿಂದಲೇ ಕೈ ಮುಗಿದಳು, ಯಾಕೆಂದರೆ ಮೀನಿನ ಸಾಸ್ ಇಲ್ಲದೆ ಅಲ್ಲಿ ಏನೂ ಆಗುವುದಿಲ್ಲ. ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ 'ಜೇ' (ಮಾಂಸ, ಮೀನು ಇಲ್ಲದ ಊಟ) ಅಂತ ಇದ್ದರೆ ಮಾತ್ರ ನಂಬಬಹುದು. ಅದೆಲ್ಲೂ ಕಾಣಲಿಲ್ಲ. ಮಾವು, ತೆಂಗಿನಹಾಲು ಹಾಕಿದ ಅಂಟು ಅನ್ನ ಸಿಕ್ಕಿತು. ಆಮೇಲೆ ಒಂದು ದೋಣಿಯಲ್ಲಿ ಗುಳಿ ಗುಳಿ ಕಾವಲಿ ಕಂಡಿತು.

"ಏ, ಇದು ನಮ್ಮ ಪಡ್ಡು ಕಣೇ!"

ಅವರು ಖನೊಂ ಕ್ರೋಕ್ ಅನ್ನುತ್ತಾರೆ. ಅಕ್ಕಿಹಿಟ್ಟು, ತೆಂಗಿನಹಾಲು, ಸ್ವಲ್ಪ ಸಕ್ಕರೆ, ಸ್ವಲ್ಪ ಉಪ್ಪು. ಕೆಳಗೆ ಗರಿಗರಿ, ಮೇಲೆ ಕೆನೆಯ ಹಾಗೆ. ಬಾಯಿ ಸುಡುತ್ತದೆ, ಹುಷಾರು. ಮೂರು ಪ್ಲೇಟ್ ಮುಗಿಸಿದೆವು.

ಹತ್ತು ಗಂಟೆಗೆ ಸೇತುವೆ ಮೇಲೆ ನಿಂತಿದ್ದಾಗ ಕೆಳಗೆ ದೋಣಿಗೆ ದೋಣಿ ತಾಗಿ, ಒಂದೂ ಅಲ್ಲಾಡುತ್ತಿರಲಿಲ್ಲ. ಮೋಟಾರಿನ ಹೊಗೆ ಬೇರೆ. ಪಡ್ಡಿನ ಅಜ್ಜಿಯ ದೋಣಿಯೂ ನಡುವೆ ಸಿಕ್ಕಿಕೊಂಡಿತ್ತು. ಅವರು ತಲೆಯೆತ್ತದೆ ಗುಳಿಗಳಿಗೆ ಹಿಟ್ಟು ಹೊಯ್ಯುತ್ತಲೇ ಇದ್ದರು.