‘ಹೂಂ’ ಎಂದರೂ ತಲೆ ಆಡಬಾರದು

ನಾವು ಬಾಯಲ್ಲಿ ಮಾತ್ರ ‘ಹೂಂ’ ಅನ್ನುವುದಿಲ್ಲ, ತಲೆಯನ್ನೂ ಆಡಿಸುತ್ತೇವೆ. ನಾನು ಮಾಡಿದ ಮೊದಲ ಕೆಲವು ಮೆದುಳಿನ ಸ್ಕ್ಯಾನ್‌ಗಳು ಕೆಟ್ಟಿದ್ದು ಇದರಿಂದಲೇ. ಸುತ್ತು ಮುಗಿದ ಮೇಲೆ ಮೈಕಿನಲ್ಲಿ "ಆರಾಮಾಗಿದ್ದೀರಾ?" ಎಂದು ಕೇಳುತ್ತಿದ್ದೆ. ಒಳಗೆ ಮಲಗಿದವರು "ಹೂಂ" ಎಂದು ತಲೆ ಆಡಿಸುತ್ತಿದ್ದರು. ನಮ್ಮ ಚಿತ್ರದ ಒಂದೊಂದು ಚುಕ್ಕೆ 3 ಮಿಲಿಮೀಟರ್ ಅಷ್ಟೇ. ತಲೆ ಅಷ್ಟು ಸರಿದರೆ ಒಂದು ಚುಕ್ಕೆಯ ಲೆಕ್ಕ ಪಕ್ಕದ ಚುಕ್ಕೆಗೆ ಹೋಗುತ್ತದೆ.

ನಾನು ನೋಡಬೇಕೆಂದಿದ್ದು ಇದು. ‘ಕೆಂಪು’ ಎಂಬ ಪದವನ್ನು ಹಸಿರು ಬಣ್ಣದಲ್ಲಿ ತೋರಿಸಿ, ಬಣ್ಣ ಯಾವುದು ಎಂದು ಕೇಳಿದರೆ ಉತ್ತರ ತಡವಾಗುತ್ತದೆ. ಬೇಡವೆಂದರೂ ಕಣ್ಣು ಪದವನ್ನು ಓದಿಬಿಡುತ್ತದೆ. ಜಾನ್ ರಿಡ್ಲಿ ಸ್ಟ್ರೂಪ್ 1935ರಲ್ಲಿ ಇಂಗ್ಲಿಷ್ ಪದಗಳಿಂದ ಇದನ್ನು ತೋರಿಸಿದರು. ಕನ್ನಡ ಓದುವವರು ಈ ಓದನ್ನು ತಡೆಹಿಡಿಯುವಾಗ ಮೆದುಳಿನಲ್ಲಿ ಏನಾಗುತ್ತದೆ? ಬೇಗ ತಡೆಯುವವರ ಮೆದುಳು ಬೇರೆ ಥರ ಇರುತ್ತದೆಯೇ? ಎರಡನೆಯ ಪ್ರಶ್ನೆಯ ಮೇಲೆ ನನಗೆ ಆಸೆ ಜಾಸ್ತಿ ಇತ್ತು.

ನಾವು ಬಳಸುವ ಎಫ್‌ಎಂಆರ್‌ಐ, ಅಂದರೆ ಕೆಲಸ ಮಾಡುತ್ತಿರುವ ಮೆದುಳನ್ನು ದೊಡ್ಡ ಅಯಸ್ಕಾಂತದೊಳಗೆ ನೋಡುವ ಸ್ಕ್ಯಾನ್, ಯೋಚನೆಯ ಫೋಟೊ ತೆಗೆಯುವುದಿಲ್ಲ. ಕೆಲಸ ಮಾಡುವ ಜಾಗಕ್ಕೆ ಆಮ್ಲಜನಕ ತುಂಬಿದ ರಕ್ತ ಹೆಚ್ಚು ಹರಿಯುತ್ತದೆ. ಆಮ್ಲಜನಕ ಇರುವ ರಕ್ತ, ಇಲ್ಲದ ರಕ್ತ ಎರಡೂ ಅಯಸ್ಕಾಂತದೊಳಗೆ ಒಂದೇ ಥರ ವರ್ತಿಸುವುದಿಲ್ಲ. ಸೈಜಿ ಒಗಾವಾ 1990ರಲ್ಲಿ ಹಿಡಿದು ತೋರಿಸಿದ್ದು ಈ ವ್ಯತ್ಯಾಸವನ್ನೇ. ರಕ್ತ ನಿಧಾನ. ಪದ ಕಂಡ 5–6 ಸೆಕೆಂಡಿನ ನಂತರ ಅದರ ಏರಿಕೆ ತುದಿ ಮುಟ್ಟುತ್ತದೆ. ಆ ಏರಿಕೆಯೂ ಶೇಕಡಾ 1ರ ಆಸುಪಾಸು. ಇಷ್ಟು ಸಣ್ಣದನ್ನು ಹುಡುಕುವಾಗ ತಲೆಯಾಟ ಎಲ್ಲವನ್ನೂ ಮುಚ್ಚಿಹಾಕುತ್ತದೆ, ಅಲ್ವಾ?

ಹಾಗಾಗಿ ಬಾಯಲ್ಲಿ ಉತ್ತರ ಹೇಳಿಸುವುದನ್ನು ಬಿಟ್ಟು ಬಟನ್ ಕೊಟ್ಟೆವು. ಹಣೆಯ ಮೇಲೆ ಅಡ್ಡಲಾಗಿ ಆಸ್ಪತ್ರೆಯ ಟೇಪ್ ಅಂಟಿಸಿದೆವು. ಅದು ತಲೆಯನ್ನು ಕಟ್ಟಿಹಾಕುವುದಕ್ಕಲ್ಲ. ಸ್ವಲ್ಪ ಸರಿದರೂ ಚರ್ಮ ಎಳೆಯುತ್ತದೆ, ಆಗ ಅವರಿಗೇ ಗೊತ್ತಾಗುತ್ತದೆ. "ಹೌದಾದರೆ ಬಟನ್ ಒತ್ತಿ, ತಲೆ ಆಡಿಸಬೇಡಿ" ಎಂದು ಹೊರಗೆ ಮೇಜಿನ ಮೇಲೆ ಮಲಗಿಸಿ ಅಭ್ಯಾಸ ಮಾಡಿಸಿದೆವು. ಇಷ್ಟರಿಂದಲೇ ಅರ್ಧ ತೊಂದರೆ ಕಡಿಮೆಯಾಯಿತು.

ಇನ್ನೊಂದು ಮಾತನ್ನು ಹೊಸಬರಿಗೆ ಯಾರೂ ಹೇಳುವುದಿಲ್ಲ. ಒಳಗೆ ಹೋಗುವ ಮುಂಚೆ ಮೈಮೇಲಿನ ಲೋಹವನ್ನೆಲ್ಲ ತೆಗೆಯಬೇಕು. ಮೂಗುತಿ, ಕಾಲುಂಗುರ, ತಾಳಿ ಕೂಡ. ಒಬ್ಬ ಅಕ್ಕ ಬಾಗಿಲವರೆಗೆ ಬಂದು ತಾಳಿ ಮುಟ್ಟಿಕೊಂಡು ನಿಂತುಬಿಟ್ಟರು. ನಾನು ಒತ್ತಾಯ ಮಾಡಲಿಲ್ಲ, ಅವರು ವಾಪಸ್ ಹೋದರು. ಅಂದಿನಿಂದ ಫೋನಿನಲ್ಲೇ ಮೊದಲು ಹೇಳುತ್ತೇನೆ. ಅರಿಶಿನದ ಕೊಂಬನ್ನು ದಾರಕ್ಕೆ ಕಟ್ಟಿಕೊಂಡು ಬಂದವರಿದ್ದಾರೆ. ಮನಸ್ಸು ಅಳುಕಿದ್ದರೆ ಒಳಗೆ ಉಸಿರೂ ಏರುಪೇರಾಗುತ್ತದೆ, ಸಿಗ್ನಲ್ಲೂ ಏರುಪೇರಾಗುತ್ತದೆ.

ಪರೀಕ್ಷೆಯಲ್ಲೇ ಒಂದು ಕಳ್ಳದಾರಿ ಇತ್ತು. ಒಬ್ಬ ಹುಡುಗನಿಗೆ ‘ಕೆಂಪು’ ಹಸಿರಲ್ಲಿದ್ದರೂ ತಡವೇ ಆಗುತ್ತಿರಲಿಲ್ಲ. ಎಷ್ಟು ಚೆನ್ನಾಗಿ ತಡೆಯುತ್ತಾನೆ ಎಂದುಕೊಂಡೆ. ಮುಗಿದ ಮೇಲೆ ಕೇಳಿದರೆ, "ಕಣ್ಣನ್ನು ಸ್ವಲ್ಪ ಮಬ್ಬು ಮಾಡಿಕೊಂಡೆ ಸರ್, ಆಗ ಬಣ್ಣ ಮಾತ್ರ ಕಾಣುತ್ತೆ" ಎಂದ. ಅವನು ಓದನ್ನು ತಡೆದಿರಲಿಲ್ಲ, ಓದೇ ಇರಲಿಲ್ಲ! ಅವನ ಮೆದುಳಿನ ಚಿತ್ರವನ್ನು ಎಷ್ಟು ದಿನ ನೋಡಿದರೂ ಇದು ನನಗೆ ತಿಳಿಯುತ್ತಿರಲಿಲ್ಲ. ಆಮೇಲೆ ಆಗಾಗ ಕಪ್ಪು ಅಕ್ಷರದ ಪದವನ್ನೂ ಸೇರಿಸಿ, ಅದನ್ನು ಓದಿ ಬಟನ್ ಒತ್ತಬೇಕು ಎಂದು ಬದಲಾಯಿಸಿದೆ. ಪ್ರತಿಯೊಬ್ಬರನ್ನೂ "ಹೇಗೆ ಮಾಡಿದಿರಿ?" ಎಂದು ಕೇಳಿ ಬರೆದಿಟ್ಟುಕೊಳ್ಳುತ್ತೇನೆ.

ಲೆಕ್ಕ ಶುರುವಾಯಿತು. ಮೆದುಳಿನ ಹತ್ತಾರು ಸಾವಿರ ಚುಕ್ಕೆಗಳಲ್ಲಿ ಒಂದೊಂದಕ್ಕೂ ಬೇರೆಯಾಗಿ ಪರೀಕ್ಷೆ ಮಾಡಿದರೆ, ಸುಮ್ನೆ ಅದೃಷ್ಟದಿಂದಲೇ ಸಾವಿರಾರು ಚುಕ್ಕೆ ‘ಹೊತ್ತಿಕೊಳ್ಳುತ್ತವೆ’. 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಜೊತೆಯವರು ಸತ್ತ ಸಾಲ್ಮನ್ ಮೀನನ್ನು ಸ್ಕ್ಯಾನರ್‌ನಲ್ಲಿಟ್ಟು ಇದನ್ನು ತೋರಿಸಿದ್ದರು. ಇಂಥ ಅದೃಷ್ಟದ ಚುಕ್ಕೆಗಳನ್ನು ಕಡಿಮೆ ಮಾಡುವ ತಿದ್ದುಪಡಿ ಇಲ್ಲದ ಲೆಕ್ಕದಲ್ಲಿ ಆ ಮೀನಿನ ಮೆದುಳೂ ಹೊತ್ತಿಕೊಂಡಿತ್ತು. ತಿದ್ದುಪಡಿ ಮಾಡಿದ ಮೇಲೂ ನಮ್ಮ ಚಿತ್ರದಲ್ಲಿ ಉಳಿದದ್ದು ಹಣೆಯ ಹಿಂದೆ, ಎರಡು ಅರೆಗೋಳಗಳ ನಡುವಿನ ಒಳಮಗ್ಗುಲಲ್ಲಿರುವ ಆಂಟೀರಿಯರ್ ಸಿಂಗ್ಯುಲೇಟ್. ಬೇರೆ ಭಾಷೆಗಳಲ್ಲಿ ಕಂಡ ಜಾಗವೇ. ಹಾಗೆಂದು ಅದನ್ನು ‘ಓದು ತಡೆಯುವ ಕೇಂದ್ರ’ ಎಂದು ಕರೆಯಲು ಬರುವುದಿಲ್ಲ. ನೋವಾದಾಗಲೂ ಅದೇ ಜಾಗ ಕೆಲಸ ಮಾಡುತ್ತದೆ.

ಆಮೇಲೆ ನನ್ನ ಆಸೆಯ ಪ್ರಶ್ನೆ. 24 ಜನರ ತಡವನ್ನೂ ಅವರ ಮೆದುಳಿನ ಸಿಗ್ನಲ್ಲನ್ನೂ ಎದುರುಬದುರು ಇಟ್ಟೆ. ಚೆಂದದ ಸಂಬಂಧ ಕಾಣಿಸಿತು. ಆ ರಾತ್ರಿ ಖುಷಿಗೆ ನಿದ್ದೆ ಬರಲಿಲ್ಲ. ಮರುದಿನ ಅತಿ ಹೆಚ್ಚು ತಲೆ ಆಡಿಸಿದ ಒಬ್ಬರನ್ನು ತೆಗೆದು ಮತ್ತೆ ನೋಡಿದೆ. ಸಂಬಂಧ ಹೋಯಿತು.

ಕಾರಣ ತಲೆಯಾಟ ಮಾತ್ರ ಆಗಿರಲಿಲ್ಲ. ಅದೇ ಜನರನ್ನು ಎರಡು ವಾರ ಬಿಟ್ಟು ಕರೆದು, ಸ್ಕ್ಯಾನರ್ ಇಲ್ಲದೆ ಅದೇ ಪರೀಕ್ಷೆ ಮಾಡಿಸಿದೆ. ಪದ ಮತ್ತು ಬಣ್ಣ ಹೊಂದದಾಗ ಹೆಚ್ಚುಕಡಿಮೆ ಎಲ್ಲರಿಗೂ ಮತ್ತೆ ತಡವಾಯಿತು. ಆದರೆ ಯಾರಿಗೆ ಜಾಸ್ತಿ, ಯಾರಿಗೆ ಕಡಿಮೆ ಎಂಬ ಸಾಲು ಕಲಸಿಹೋಗಿತ್ತು. ಎಲ್ಲರಲ್ಲೂ ಗಟ್ಟಿಯಾಗಿ ಕಾಣುವ ಪರಿಣಾಮ ಒಬ್ಬರಿಂದ ಇನ್ನೊಬ್ಬರನ್ನು ಅಳೆಯುವ ಕೋಲಾಗುವುದಿಲ್ಲ. ಕೋಲೇ ದಿನಕ್ಕೊಂದು ಉದ್ದ ತೋರಿಸುವಾಗ ಸ್ಕ್ಯಾನರ್ ಎಷ್ಟು ದುಬಾರಿಯಾದರೇನು? ಒಬ್ಬರಿಂದ ಒಬ್ಬರಿಗೆ ಬದಲಾಗುವ ಗುಣಕ್ಕೂ ಮೆದುಳಿನ ಅಳತೆಗೂ ಇರುವ ಇಂಥ ಸಂಬಂಧಗಳನ್ನು ನಂಬುವಂತೆ ಹಿಡಿಯಲು ಸಾವಿರಾರು ಜನ ಬೇಕಾಗುತ್ತದೆ ಎಂದು ಸ್ಕಾಟ್ ಮಾರೆಕ್ ಮತ್ತು ಜೊತೆಯವರು 2022ರಲ್ಲಿ ದೊಡ್ಡ ದತ್ತಾಂಶದಿಂದ ತೋರಿಸಿದರು. ಅದನ್ನು ಓದುವಾಗ ನನ್ನ 24 ಜನ ಕಣ್ಣ ಮುಂದೆ ಬಂದರು.

ಈಗ ನಾನು ಸಾವಿರಾರು ಜನರನ್ನು ಕರೆಯಲಾರೆ. ಕೆಲವರನ್ನೇ ಮತ್ತೆ ಮತ್ತೆ ಕರೆಯುತ್ತೇನೆ. ಒಬ್ಬರೊಳಗೆ ಏನು ಬದಲಾಗುತ್ತದೆ ಎಂದು ನೋಡುತ್ತೇನೆ. ಸ್ಕ್ಯಾನರ್ ಸಮಯ ಕೇಳುವ ಮೊದಲು ಹೊರಗಿನ ಅಳತೆಯನ್ನು ಕನಿಷ್ಠ ಎರಡು ಸಲ ಮಾಡಿ, ಎರಡೂ ಹೊಂದುತ್ತವೆಯೇ ಎಂದು ಪರೀಕ್ಷಿಸುತ್ತೇನೆ.

ಹೊರಗೆ ಬಂದವರು ಚಪ್ಪಲಿ ಹಾಕಿಕೊಳ್ಳುತ್ತಾ, "ಸರ್, ನನ್ನ ಮೆದುಳು ಚುರುಕಾಗಿದೆಯಾ?" ಎಂದು ಕೇಳುತ್ತಾರೆ. ಈ ಚಿತ್ರದಿಂದ ಅದನ್ನು ಹೇಳಲು ಆಗುವುದಿಲ್ಲ ಎಂದು ನೇರವಾಗಿ ಹೇಳಿ, ಬಟನ್ ಒತ್ತುವಾಗ ಅವರಿಗೆ ಏನನ್ನಿಸಿತು ಎಂದು ಕೇಳಲು ನೋಟ್‌ಬುಕ್ ತೆಗೆಯುತ್ತೇನೆ.