ವೀಲ್‌ಚೇರ್‌ನಲ್ಲಿ ಭೂತನಾಥದ ತನಕ: ಬಾದಾಮಿಯಲ್ಲಿ ನನ್ನ ಅನುಭವ

"ವೀಲ್‌ಚೇರ್ ತಗೊಂಡು ಭೂತನಾಥಕ್ಕಾ? ಆಗೂದಿಲ್ರೀ!" ಎರಡು ವರ್ಷ ಇದೇ ಮಾತು ಕೇಳಿದೆ. ಕಳೆದ ಡಿಸೆಂಬರ್‌ನಲ್ಲಿ ನಾನು ಕರೆದೊಯ್ದ ಆರು ಜನ ಹಿರಿಯರು ಅಗಸ್ತ್ಯ ತೀರ್ಥ ಕೆರೆಯ ದಂಡೆ ಹಿಡಿದು ಭೂತನಾಥ ಗುಡಿ ನೋಡಿ ಬಂದರು. ಇಬ್ಬರು ವೀಲ್‌ಚೇರ್‌ನಲ್ಲಿ.

ಗುಹೆಗಳನ್ನು ಮೊದಲೇ ಬಿಟ್ಟೆ, ಮೆಟ್ಟಿಲು ಬಹಳ. ನಮ್ಮ ದಾರಿ ಕೆಳಗೆ, ಎರಡು ಕೆಂಪು ಬೆಟ್ಟಗಳ ನಡುವೆ, ಮ್ಯೂಸಿಯಂ ಕಡೆಯ ದಂಡೆಯಲ್ಲಿ. ಕಾಟ ಕೊಡುವುದು ಹಾಸುಗಲ್ಲಿನ ಸಂದು.

ಮೊದಲ ಸಲ ಬಾಡಿಗೆ ಕುರ್ಚಿ ತಂದಿದ್ದೆ. ಮುಂದಿನ ಸಣ್ಣ ಗಾಲಿ ಸಂದಿನಲ್ಲಿ ಸಿಕ್ಕಿ ಕಾಕಾ ಮುಂದಕ್ಕೆ ಮುಗ್ಗರಿಸಿದರು. ಪೆಟ್ಟಾಗಲಿಲ್ಲ, ಆದರೆ ಗಾಲಿ ಮುರಿದಿದ್ದಕ್ಕೆ ಎರಡು ಸಾವಿರದಷ್ಟು ಕಟ್ಟಿದೆ. ಎರಡನೇ ಸಲ ನಾಲ್ಕು ಜನ ಹೊರುವ ಡೋಲಿ. ಕೂಲಿಯೇ ಮೂರೂವರೆ ಸಾವಿರ ಆಯ್ತು. ಕೂತ ಅವ್ವನಿಗೆ ಸಂಕೋಚ, ದಾರಿಯುದ್ದಕ್ಕೂ ತಲೆ ಎತ್ತಲಿಲ್ಲ. ಹೀಗೆ ಕರೆದೊಯ್ದು ಏನು ಬಂತು?

ಆಮೇಲೆ ಹಳೆ ಕುರ್ಚಿ ಎರಡು ಕೊಂಡೆ. ಮುಂದೆ ಅಗಲವಾದ ಗಾಳಿ ತುಂಬುವ ಗಾಲಿ ಹಾಕಿಸಿದೆ. ವೆಲ್ಡಿಂಗ್ ಸೇರಿ ಎಲ್ಲಾ ಒಂಬತ್ತು ಸಾವಿರ ಇರಬೇಕು. ಗಾಳಿ ಪೂರ್ತಿ ತುಂಬಬೇಡಿ, ಬೆರಳಿಗೆ ಸ್ವಲ್ಪ ಮೆತ್ತಗಿರಲಿ. ಮೆಟ್ಟಿಲು ಬಂದಲ್ಲಿ ನಾಲ್ಕಡಿ ಹಲಗೆ, ಕುರ್ಚಿಗೆ ಇಬ್ಬರು. ಹಲಗೆ ಜಾರದ ಹಾಗೆ ಅದರ ಕೆಳಗೆ ಏನು ಹಾಕುತ್ತೇನೆ ಅನ್ನೋದು ಮಾತ್ರ ಜೊತೆಗೆ ಬಂದವರಿಗೆ!

ಬೆಳಿಗ್ಗೆ ಏಳಕ್ಕೆ ಹೊರಟು, ನಿಂತು ನಿಂತು, ಹೋಗಲು ಮುಕ್ಕಾಲು ಗಂಟೆ. ಮಂಗಗಳಿಗೆ ಪ್ಲಾಸ್ಟಿಕ್ ಚೀಲದ ಸಪ್ಪಳ ಸಾಕು, ಓಡಿ ಬರುತ್ತವೆ. ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಕುರ್ಚಿಯ ಕೆಳಗೆ ಕಟ್ಟಿದೆ, ಒಂದೂ ಹತ್ತಿರ ಬರಲಿಲ್ಲ.

ಇನ್ನೊಂದು ಪ್ರಯೋಗ ಸುಮ್ನೆ ಮಾಡಿದ್ದು. ಕಣ್ಣು ಮಂಜಾದ ಅಜ್ಜಿಯೊಬ್ಬರನ್ನು ಬಟ್ಟೆ ಒಗೆಯುವ ಮೆಟ್ಟಿಲ ಹತ್ತಿರ ನಿಲ್ಲಿಸಿದೆ. ಬಟ್ಟೆ ಕಲ್ಲಿಗೆ ಬಡಿದ ಸದ್ದು ಎದುರಿನ ಬೆಟ್ಟಕ್ಕೆ ತಾಗಿ ಮತ್ತೆ ಬರುತ್ತದೆ. "ಬೆಟ್ಟ ಅಷ್ಟು ದೂರ ಐತಿ, ಅಲ್ವಾ?" ಎಂದು ಕೈ ಚಾಚಿ ದಿಕ್ಕು ತೋರಿಸಿದರು. ಸರಿಯಾಗಿತ್ತು. ಈಗ ಎಲ್ಲರನ್ನೂ ಅಲ್ಲಿ ಎರಡು ನಿಮಿಷ ಕಣ್ಣು ಮುಚ್ಚಿಸುತ್ತೇನೆ.

ಭೂತನಾಥದಲ್ಲಿ ಒಳಗುಡಿ ಬಾದಾಮಿ ಚಾಲುಕ್ಯರದು, ನೀರಿಗೆ ಮುಖ ಮಾಡಿದ ಹೊರಮಂಟಪ 11ನೇ ಶತಮಾನದ್ದು. ನಾನು ಅದನ್ನು ಹೇಳುತ್ತಿದ್ದೆ. ಕಾಕಾ ಕೇಳುತ್ತಿರಲಿಲ್ಲ. ಕುರ್ಚಿಯ ಎತ್ತರಕ್ಕೇ ಇದ್ದ ಬಂಡೆಯ ಓರೆ ಗೆರೆಗಳ ಮೇಲೆ ಬೆರಳಾಡಿಸುತ್ತಿದ್ದರು. ಹಿಂದೆ ಹರಿವ ನೀರು ಪದರ ಪದರವಾಗಿ ಹಾಕಿಹೋದ ಮರಳು ಅದು, ಗಟ್ಟಿಯಾಗಿ ಕಲ್ಲಾಗಿದೆ ಎಂದೆ. ಅವರು ಬೆರಳು ತೋರಿಸಿದರು. ತುದಿಯಲ್ಲಿ ನಾಲ್ಕಾರು ಕೆಂಪು ಕಣ ಅಂಟಿದ್ದವು.